ಚಿಕ್ಕಬೀರಯ್ಯನ ಮಳೆಯಂತ್ರಕ್ಕೆ ನಾವು ಹುಯ್ದ ನೀರು

ಮುಳ್ಳುಗಲ್ಲುಕೊಪ್ಪಲಿನ ನೀರುಗಂಟಿ ಚಿಕ್ಕಬೀರಯ್ಯನಿಗೆ ಮಳೆಯಂತ್ರ ಕಾದದ್ದರ ಗೌರವಧನ, ಒಂದು ವರ್ಷದ್ದು, ಪಂಚಾಯ್ತಿಯಿಂದ ಇನ್ನೂ ಬರಬೇಕು. ಕೇಳಿದರೆ ವಿಚಾರಣೆ ಬಾಕಿ ಇದೆ ಅನ್ನುತ್ತಾರೆ. ವಿಚಾರಣೆ ಮುಗಿದು ಎಷ್ಟೋ ಕಾಲವಾಯಿತು. ಅದರಲ್ಲಿ ಒಂದನೇ ಆರೋಪಿಯಾಗಬೇಕಿದ್ದ ನಾನು, ರೈತ ಸಂಘದ ಹಳೇ ಅಧ್ಯಕ್ಷ ನಂಜಯ್ಯ, ಈಗಲೂ ಹಸಿರು ಶಾಲು ಹೊದ್ದು ಬೀಗರೂಟಗಳಲ್ಲಿ ಮೊದಲ ಪಂಕ್ತಿಗೇ ಕೂರುತ್ತಿದ್ದೇನೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿ. ಪಡುವಲಲ್ಲಿ ಕೊಡಗಿನ ಬೆಟ್ಟ ಕಣ್ಣಿಗೆ ಕಾಣುತ್ತದೆ, ಅಲ್ಲಿ ಸುರಿಯುವ ಮಳೆಯೂ ಕಾಣುತ್ತದೆ. ನಮ್ಮ ಹೊಲಕ್ಕೆ ಮಾತ್ರ ಅದು ಬರುವುದಿಲ್ಲ. ಮೋಡಗಳು ನಮ್ಮೂರಿನ ಮೇಲೆ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಹೋಗುತ್ತವೆ. ಕೈ ಅಡ್ಡ ಹಾಕಿದರೂ ನಿಲ್ಲಿಸುವುದಿಲ್ಲ. ಬಸ್ಸಾದರೆ ಅಡ್ಡ ಮಲಗಿ ನಿಲ್ಲಿಸಬಹುದಿತ್ತು. ಅದೊಂದು ವಿದ್ಯೆಯಲ್ಲಿ ನಾನು ಪಳಗಿದವನು.

ಕೆಲವು ವರ್ಷಗಳ ಹಿಂದೆ ಪಂಚಾಯ್ತಿ ಕಚೇರಿಯ ಪಕ್ಕದಲ್ಲಿ ತಂತಿಬಲೆಯ ಬೇಲಿ ಹಾಕಿ, ಒಳಗೆ ಕಂಬ ನೆಟ್ಟು, ಎದೆಯೆತ್ತರಕ್ಕೆ ಒಂದು ಬಿಳಿ ಡಬ್ಬ ಕೂರಿಸಿದರು. ಅದೇ ಮಳೆಯಂತ್ರ. ಡಬ್ಬದ ಬಾಯಿಗೆ ಆಲಿಕೆ, ಹೊಟ್ಟೆಯೊಳಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ಟಕ್ ಎಂದು ಮಗುಚಿಕೊಳ್ಳುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದೊಂದು ಟಕ್ಕಿಗೂ ಎಲ್ಲೋ ಇರುವ ಕಂಪ್ಯೂಟರಿನಲ್ಲಿ ನಮ್ಮೂರಿನ ಮಳೆ ಒಂದು ಚೂರು ಏರುತ್ತದೆ. ಪಕ್ಕದಲ್ಲೇ ಬಿಸಿಲು, ಸೆಕೆ ನೋಡುವ ಇನ್ನೊಂದು ಸಾಧನ. ಶುಂಠಿಗೆ ಹವಾಮಾನದ ವಿಮೆ ಕಟ್ಟಿದವರಿಗೆಲ್ಲ ಈ ಡಬ್ಬವೇ ನ್ಯಾಯಾಧೀಶ. ಇಷ್ಟು ದಿನ ಮಳೆ ಬಿದ್ದಿಲ್ಲ ಎಂದು ಅದು ಹೇಳಿದರೆ ಪರಿಹಾರ, ಬಿತ್ತು ಎಂದರೆ ಇಲ್ಲ. ನಮ್ಮ ಒಣಗಿದ ಶುಂಠಿಯನ್ನು ಯಾರೂ ಬಂದು ನೋಡುವುದಿಲ್ಲ.

ಅದರ ಬೀಗದ ಕೈಯನ್ನು ಚಿಕ್ಕಬೀರಯ್ಯನಿಗೆ ಕೊಟ್ಟರು. ಆಲಿಕೆಗೆ ಬಿದ್ದ ಎಲೆ ತೆಗೆಯುವುದು, ಜೇಡ ಬಲೆ ಕಟ್ಟದಂತೆ ನೋಡುವುದು, ದನ ಬೇಲಿಗೆ ಮೈ ಉಜ್ಜದಂತೆ ಅಟ್ಟುವುದು, ಇಷ್ಟೇ ಕೆಲಸ. ಆದರೆ ಅವನು ಅದನ್ನು ತಾಲ್ಲೂಕು ಕಚೇರಿಯ ಹುದ್ದೆಯಂತೆ ಮಾಡಿಕೊಂಡ.

ಅದಕ್ಕೆ ಮುಂಚೆ ಅವನು ಬೇರೆಯವರ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಹಾಕಿ ಉರಿ ನೋಡಿಕೊಳ್ಳುತ್ತಿದ್ದ. ಬಲಗಡೆಯ ಹುಬ್ಬು ಒಂದು ಸೀಸನ್‌ನಲ್ಲಿ ಸೀದು ಹೋದದ್ದು ಮತ್ತೆ ಸರಿಯಾಗಿ ಬರಲಿಲ್ಲ. ಸ್ವಂತಕ್ಕೆ ಮನೆ, ಹಿತ್ತಲು ಬಿಟ್ಟರೆ ಜಮೀನಿಲ್ಲ. ಆಮೇಲೆ ಪಂಚಾಯ್ತಿಯ ನಲ್ಲಿ ನೀರು ಬಿಡುವ ನೀರುಗಂಟಿಯಾದ. ಮೂರು ಬೀದಿಗೆ ನೀರು ಬಿಡುವವನು ಮೂರು ಬೀದಿಯ ಬೈಗುಳವನ್ನೂ ತಿನ್ನುತ್ತಾನೆ. ಮಳೆಯಂತ್ರ ಬಂದ ಮೇಲೆ ಮೊದಲ ಸಲ ಜನ ಅವನನ್ನು ನಿಲ್ಲಿಸಿ, ಬೈಯದೆ ಮಾತಾಡಿಸಿದರು. ಇಂದು ಬರುತ್ತದಾ ಬೀರಣ್ಣಾ ಎಂದು ಕೇಳಿದರು. ಆ ಒಂದು ಮಾತಿಗೆ ಅವನು ಬಿದ್ದುಹೋದ.

ಅವನು ವಿನಯದ ಮನುಷ್ಯನೇನಲ್ಲ. ದಿನಾ ಬೆಳಿಗ್ಗೆ ಟೀ ಅಂಗಡಿಯ ಮುಂದೆ ನಿಂತು ನಾಲ್ಕು ತಾಲ್ಲೂಕಿನ ಹವಾಮಾನ ವಾರ್ತೆ ಓದುತ್ತಿದ್ದ. ಕೆ.ಆರ್. ನಗರದ ಕಡೆ ಮಿರ್ಲೆಗೆ ಕೊಟ್ಟಿರುವ ಮಗಳು ಅನು ಫೋನಿನಲ್ಲಿ ಅವನ ಒಂದು ಕೇಂದ್ರ, ಎಚ್.ಡಿ. ಕೋಟೆಯ ಅಂತರಸಂತೆಯಲ್ಲಿರುವ ಭಾವಮೈದ ಇನ್ನೊಂದು ಕೇಂದ್ರ.

"ಕಾಕನಕೋಟೆ ಕಡೆ ಮೋಡ ಕಟ್ಕಂಡದೆ. ಸಂಜೆ ಒಳಗೆ ಉಣಸೂರು ದಾಟ್ತದೆ. ಬಟ್ಟೆ ತಗ್ದು ಒಳಿಕ್ಕೆ ಮಡೀಕಳಿ" ಅನ್ನುತ್ತಿದ್ದ.

ಬರುತ್ತಿರಲಿಲ್ಲ. ಅವನು ಹೇಳಿದ ಮಳೆ ಬಂದದ್ದನ್ನು ನಾನಂತೂ ಕಾಣೆ.

"ನಿನ್ ಮಳೆ ಬರೀ ಪೋನ್‌ನಾಗೇ ಬತ್ತದೆ ಕಣ್ಲಾ" ಎಂದು ನಾನು ರೇಗಿಸಿದರೆ, "ನಿಮ್ ಓರಾಟ ಬರೀ ಪೇಪರ್‌ನಾಗೇ ಬರಾಕಿಲ್ವಾ, ಅಂಗೆ ಕಣಣ್ಣ" ಎಂದು ಟೀ ಹೀರುತ್ತಿದ್ದ. ಆ ಅಂಗಡಿಯಲ್ಲಿ ನನ್ನ ಪರವಾಗಿ ಯಾರೂ ಬಾಯಿ ಬಿಟ್ಟವರಲ್ಲ.

ಆಯುಧಪೂಜೆಯ ದಿನ ಯಂತ್ರವನ್ನು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದ. ಬೇಲಿಯ ಹೊರಗೆ ನಿಂತ ಹೆಂಗಸರು ಕೈ ಮುಗಿದು ಹೋಗುತ್ತಿದ್ದರು. ಕುಂಕುಮ ಬಿದ್ದ ಮೇಲೆ ನಮ್ಮಲ್ಲಿ ಯಾವುದೂ ಬರೀ ಯಂತ್ರವಾಗಿ ಉಳಿಯುವುದಿಲ್ಲ. ಇದು ನನಗೆ ಅಂದೇ ಹೊಳೆಯಬೇಕಿತ್ತು. ಮೂಢನಂಬಿಕೆಯ ವಿರುದ್ಧ ಅಷ್ಟು ಭಾಷಣ ಬಿಗಿದ ತಲೆಗೆ ಅದೊಂದು ಹೊಳೆಯಲಿಲ್ಲ.

2023ರ ಆಗಸ್ಟ್ ಬಂತು. ಜೋಳದ ಗರಿ ಸುರುಳಿ ಸುತ್ತಿಕೊಂಡಿತು, ಶುಂಠಿ ಹಳದಿಗೆ ತಿರುಗಿತು. ಊರಿನವರು ಮಳೆರಾಯನನ್ನು ಹೊರಡಿಸಿದರು. ಮಣ್ಣಿನಲ್ಲಿ ಮಳೆರಾಯನ ಬೊಂಬೆ ಮಾಡಿ, ಹಲಗೆಯ ಮೇಲಿಟ್ಟು, ಒಬ್ಬ ತಲೆಯ ಮೇಲೆ ಹೊತ್ತು ಬೀದಿ ತಿರುಗುತ್ತಾನೆ. ಮನೆ ಮನೆಯ ಹೆಂಗಸರೂ ಬಂದು ಅದರ ಮೇಲೆ ನೀರು ಹುಯ್ಯುತ್ತಾರೆ. ಈ ಸಲ ಹೊತ್ತವನು ಮಾದೇಶ, ಲಾರಿ ಡ್ರೈವರ್. ಸಂಘವೂ ಜೊತೆಗಿರಲಿ, ಜನರ ನಂಬಿಕೆಯೊಳಗಿಂದಲೇ ಹೋರಾಟ ಕಟ್ಟಬೇಕು ಎಂದು ಏನೇನೋ ಹೇಳಿ ನಾನೂ ಮುಂದೆ ನಿಂತೆ. ಪಿರಿಯಾಪಟ್ಟಣದಿಂದ ಪೇಪರಿನವನನ್ನು ಕರೆಸಿದ್ದೆ. ಅವನು ಬಂದಿದ್ದರಿಂದಲೇ ಮುಂದೆ ನಿಂತೆ ಎಂದರೂ ನಡೆಯುತ್ತದೆ.

ಮೆರವಣಿಗೆ ಬಾವಿಯ ಹತ್ತಿರ ನಿಂತಿತು, ಕೆರೆ ತೂಬಿನ ಹತ್ತಿರ ನಿಂತಿತು. ನೀರಿಗೆ ಸಂಬಂಧಪಟ್ಟ ಜಾಗದಲ್ಲೆಲ್ಲ ನಿಲ್ಲುವುದು ವಾಡಿಕೆ. ಪಂಚಾಯ್ತಿಯ ಮುಂದೆ ಬಂದಾಗ ಮುದುಕಿ ಸಾಕಮ್ಮ ಮಳೆಯಂತ್ರದ ಕಡೆ ಕೈ ತೋರಿಸಿ ತಡೆದಳು.

"ಈ ಮಣ್ಣಿನ್ ಬೊಂಬೆಗೆ ಎಷ್ಟ್ ಉಯ್ದ್ರೆ ಏನ್ ಬಂತ್ರೋ? ಮೇಲಿನೋರ್ಗೆ ಲೆಕ್ಕ ಕೊಡೋನು ಅಲ್ಲಿ ಕುಂತವ್ನೆ. ಅವನ್ಗೊಂದ್ ಚೊಂಬು ಉಯ್ರಿ."

ಎಲ್ಲರೂ ಚಿಕ್ಕಬೀರಯ್ಯನ ಮುಖ ನೋಡಿದರು. ಅವನು ನನ್ನ ಮುಖ ನೋಡಿದ. ಪೇಪರಿನವನು ಕ್ಯಾಮೆರಾ ಎತ್ತಿ ಹಿಡಿದಿದ್ದ.

"ತಗಿಯಲಾ ಬೀಗ್ವ. ಜನ ಕೇಳ್ತಾವ್ರೆ" ಅಂದೆ.

ತೆಗೆದ. ಮೊದಲ ಚೊಂಬು ನಾನೇ ಹುಯ್ದೆ, ಶಾಲು ಸರಿಮಾಡಿಕೊಂಡು, ಕ್ಯಾಮೆರಾ ಕಡೆ ಮುಖ ತಿರುಗಿಸಿ. ಡಬ್ಬದೊಳಗಿಂದ ಟಕ್, ಟಕ್, ಟಕ್ ಎಂದು ಸದ್ದು ಬಂತು.

"ಅಯ್ಯೋ, ಒಪ್ಕತಾ ಅವ್ನೆ ಕಣವ್ವಾ!" ಎಂದು ಸಾಕಮ್ಮ ಕೂಗಿದಳು.

ಆಮೇಲೆ ತಡೆಯುವವರು ಯಾರು? ಆ ಸದ್ದನ್ನು ತಮ್ಮ ಚೊಂಬಿನಿಂದಲೂ ಕೇಳಬೇಕೆಂದು ಹೆಂಗಸರು ಸಾಲು ನಿಂತರು. ರೇಷನ್ ಅಂಗಡಿಯ ಮುಂದೆಯೂ ಅಷ್ಟು ಶಿಸ್ತಿನ ಸಾಲನ್ನು ನಾನು ನೋಡಿಲ್ಲ. ಮಳೆರಾಯನನ್ನು ಹೊತ್ತಿದ್ದ ಮಾದೇಶನ ಕಡೆ ಒಬ್ಬರೂ ತಿರುಗಲಿಲ್ಲ. "ನಾನೇನ್ ನಿಂತಿರ್ಲಾ, ಓಗ್ಲಾ?" ಎಂದು ಅವನು ಹಲಗೆ ಹೊತ್ತೇ ಕೇಳುತ್ತಿದ್ದ. ನೆತ್ತಿಯ ಮೇಲೆ ಬಿಸಿಲು ರಣರಣ ಅನ್ನುತ್ತಿತ್ತು.

ಮಾರನೆಯ ಬೆಳಿಗ್ಗೆ ಊರಿನ ಫೋನುಗಳಿಗೆಲ್ಲ ಒಟ್ಟಿಗೆ ಮೆಸೇಜು ಬಂತು. ನಿಮ್ಮ ಪಂಚಾಯ್ತಿಯಲ್ಲಿ ನಿನ್ನೆ ನೂರ ಎಂಬತ್ತು ಮಿಲಿಮೀಟರ್ ಮಳೆಯಾಗಿದೆ. ಹಳ್ಳ ದಾಟಬೇಡಿ, ಮರದ ಕೆಳಗೆ ನಿಲ್ಲಬೇಡಿ. ಹಳ್ಳದಲ್ಲಿ ನಾಯಿ ಮಲಗಿತ್ತು. ಮಿರ್ಲೆಯಿಂದ ಅನು ಫೋನು ಮಾಡಿ, "ಅಪ್ಪಯ್ಯ, ನಿಮ್ಗೆ ಅಷ್ಟ್ ಬಂತಂತೆ, ನಮ್ಗೊಂದ್ ಹನಿ ಇಲ್ಲ" ಎಂದು ಮುನಿಸಿಕೊಂಡಳಂತೆ.

ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಶುಂಠಿಯ ವಿಮೆಗೆ ಒಣ ದಿನಗಳ ಲೆಕ್ಕ ಸಾಲಾಗಿ ಬರಬೇಕು. ಇನ್ನೇನು ಪರಿಹಾರದ ಗಡಿ ಮುಟ್ಟಬೇಕು ಅನ್ನುವಾಗ ನಮ್ಮ ಚೊಂಬುಗಳು ಅದನ್ನು ಕಡಿದು ಹಾಕಿದ್ದವು. ಲೆಕ್ಕ ಮತ್ತೆ ಮೊದಲಿನಿಂದ ಶುರು. ಸರ್ಕಾರ ಸುಳ್ಳು ಅಂಕಿಅಂಶ ಕೊಡುತ್ತಿದೆ ಎಂದು ನಾನು ಜೀವಮಾನವಿಡೀ ಕೂಗಿದವನು. ಒಮ್ಮೆಯೂ ಪುರಾವೆ ಇಟ್ಟವನಲ್ಲ. ಈಗ ನೋಡಿ, ಅಂಕಿಅಂಶ ನಿಜವಾಗಿಯೂ ಸುಳ್ಳಾಗಿತ್ತು, ಪುರಾವೆಯೂ ಇತ್ತು, ಹುಯ್ದವನು ನಾನು.

ಪಂಚಾಯ್ತಿ ಪಿಡಿಒ ಕಿರಣ್‌ಕುಮಾರ್ ಬೆವರು ಒರೆಸಿಕೊಳ್ಳುತ್ತ ಹೇಳಿದರು: "ಯಂತ್ರದ ಲೆಕ್ಕ ನೋಡೋ ಕೇಂದ್ರದಿಂದ ನಾಳೆ ಮೇಡಂ ಬರ್ತಾರೆ. ಬೀಗ ತೆಗೆದವರ ಮೇಲೆ ಕ್ರಮ ಆಗುತ್ತೆ. ಏನಾದ್ರೂ ಮಾಡಿ ನಂಜಯ್ಯೋರೇ."

ನಾನು ಮಾಡಿದ್ದು ಜೀವನದಲ್ಲಿ ಕಲಿತ ಒಂದೇ ಕೆಲಸ. ಕೂತು ಮನವಿ ಪತ್ರ ಬರೆದೆ. ‘ಯಾರೋ ಕಿಡಿಗೇಡಿಗಳು ಬೀಗ ಒಡೆದು ಮಳೆಯಂತ್ರಕ್ಕೆ ನೀರು ಸುರಿದಿದ್ದು, ಸದರಿ ಕೃತ್ಯವನ್ನು ಸಂಘವು ಉಗ್ರವಾಗಿ ಖಂಡಿಸುತ್ತದೆ.’ ಬಹಳ ಚೆನ್ನಾಗಿ ಬಂದಿದೆ ಅನ್ನಿಸಿತು. ಚಿಕ್ಕಬೀರಯ್ಯನಿಗೆ ಓದಿ ಹೇಳಿದೆ.

"ಕಿಡಿಗೇಡಿ ಅಂದ್ರೆ ಯಾರಣ್ಣ? ಸಾಕವ್ವನಾ?"

"ಯಾರೂ ಅಲ್ಲ ಕಣ್ಲಾ. ಅಂಗೆ ಬರೀತಾರೆ. ನಿನ್ ಕೆಲ್ಸ ಉಳೀಬೇಕೋ ಬ್ಯಾಡ್ವೋ?"

ಕೆಲಸ ಉಳಿಯಬೇಕೆಂಬ ಆಸೆ ಅವನಿಗೆ ಬಹಳ ಇತ್ತು. ಅದು ಹೋದರೆ ಮತ್ತೆ ಬರೀ ಬೈಗುಳದ ನೀರುಗಂಟಿ.

ಬಂದ ಮೇಡಂ ಹೆಸರು ಶ್ರುತಿ. ಜೀಪಿನಿಂದ ಇಳಿದವರೇ ಯಂತ್ರದ ಹೊಟ್ಟೆ ಬಿಚ್ಚಿದರು. ಆಲಿಕೆಯ ಜಾಲರಿಯಲ್ಲಿ ಚೆಂಡುಹೂವಿನ ಎಸಳು, ಅರಿಶಿನದ ಅಕ್ಕಿಕಾಳು. ಲ್ಯಾಪ್‌ಟಾಪ್ ಕಚೇರಿಯ ಮೇಜಿನ ಮೇಲೆ ತೆರೆದು ನಮಗೆಲ್ಲ ಮಳೆ, ಸೆಕೆಯ ಗೆರೆ ತೋರಿಸಿದರು.

"ಮಳೆ ಬಿದ್ರೆ ಸೆಕೆ ಇಳೀಬೇಕು. ನಿಮ್ಮೂರಲ್ಲಿ ಇಷ್ಟು ಮಳೆ ಸುರೀತಾ ಇರೋವಾಗ ಬಿಸಿಲು ಏರ್ತಾನೇ ಹೋಗಿದೆ. ಇದು ಆಕಾಶದ ಮಳೆ ಅಲ್ಲ. ಏನಾಯ್ತು ಹೇಳಿ."

ನಾನು ಮನವಿ ಪತ್ರ ಕೊಟ್ಟೆ. ಓದಿದರು.

"ಹೊರಗಿನೋರು ಬೀಗ ಒಡೆದಿದ್ದಾರೆ ಅಂದ್ರೆ, ಇನ್ನು ಯಾವ್ಯಾವ ದಿನ ಏನೇನು ಮಾಡಿದ್ರೋ ಗೊತ್ತಿಲ್ಲ. ಆಗ ಈ ಯಂತ್ರದ ಇಡೀ ಸೀಸನ್ ಲೆಕ್ಕ ಬದಿಗಿಡಬೇಕು, ಪಕ್ಕದ ಕೇಂದ್ರದ್ದನ್ನ ತಗೋತೀವಿ."

ಪಕ್ಕದ ಕೇಂದ್ರವೆಂದರೆ ಕೊಡಗಿನ ಗಡಿಯದು. ಅಲ್ಲಿ ಆಗಾಗ ಮಳೆಯಾಗಿತ್ತು. ಅಲ್ಲಿಗೆ ನಮ್ಮ ಶುಂಠಿಯವರ ಕತೆ ಮುಗಿದಂತೆ.

"ಯಾರು, ಯಾವಾಗ ಹುಯ್ದರು ಅಂತ ಬೀಗದ ಕೈ ಇರೋರು ಬರೆದುಕೊಟ್ರೆ ಆ ಒಂದು ದಿನ ಮಾತ್ರ ತೆಗೀಬಹುದು. ಆದರೆ ಅವರನ್ನ ಈ ಕೆಲಸದಲ್ಲಿ ಇಟ್ಕೊಳ್ಳೋದಿಲ್ಲ. ಬಿಸಿಲು ಏರ್ತಿದೆಯಾ, ಮಳೆ ಇಳೀತಿದೆಯಾ ಅಂತ ಗೊತ್ತಾಗೋಕೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಂಬೋ ಲೆಕ್ಕ ಬೇಕು. ನಿಯಮ ಇರೋದು ಅದಕ್ಕೇ."

ನಾನು ನೆಲ ನೋಡುತ್ತಿದ್ದೆ. ಚಿಕ್ಕಬೀರಯ್ಯ ಸೀದ ಹುಬ್ಬು ಉಜ್ಜಿಕೊಂಡ.

"ಬೀಗ ಯಾರೂ ಒಡೀನಿಲ್ಲ ಕಣ್ ಮೇಡಂ. ತಗ್ದೋನು ನಾನು. ಮಳೆರಾಯನ್ ದಿನ, ಊರೆಲ್ಲ ಸೇರಿ ಉಯ್ದ್ವಿ. ಮೊದ್ಲು ಚೊಂಬು ಇವ್ರುದು" ಎಂದು ನನ್ನ ಕಡೆ ಬೆರಳು ತೋರಿಸಿದ.

"ಏ, ನಾನ್ ಯಾವಾಗ್ಲಾ..." ಎಂದು ನನ್ನ ಬಾಯಿ ತಾನಾಗಿಯೇ ಶುರುಮಾಡಿತು. ಅಷ್ಟರಲ್ಲಿ ಸಾಕಮ್ಮ ಮಡಿಲಿನಿಂದ ಮಡಿಸಿದ ಪೇಪರು ತೆಗೆದಳು. ಅವಳ ಮುಖ ಪೇಪರಿನಲ್ಲಿ ಬಂದದ್ದು ಅದೇ ಮೊದಲು, ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಳು. ಚಿತ್ರದ ನಡುವೆ ಶಾಲು, ಚೊಂಬು, ಹಲ್ಲು, ಎಲ್ಲವೂ ನನ್ನವೇ.

"ನಂಜಯ್ಯ ಬೋ ಚಂದಾಗಿ ಬಂದವ್ನೆ, ನೋಡವ್ವಾ. ನಾನ್ ಉಯ್ದಿದ್ದು ಎಲ್ಡು ಚೊಂಬು. ಸುಳ್ ಯಾಕ್ ಏಳ್ಲಿ" ಅಂದಳು.

ಶ್ರುತಿ ಮೇಡಂ ನಗು ತಡೆಯಲಾರದೆ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಮಾಡಿಕೊಂಡರು. ಆಮೇಲೆ ಬಾಗಿಲಿನಲ್ಲಿದ್ದ ಹೆಂಗಸರೆಲ್ಲ "ನಂದೂ ಒಂದು", "ನಂದೂ ಒಂದು" ಎಂದು ಮುಂದೆ ಬಂದರು. ಚಿಕ್ಕಬೀರಯ್ಯ ಹೇಳಿಕೆಗೆ ರುಜು ಹಾಕಿದ. ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಹೋದ. ಅಂದು ಸಂಜೆ ಮೂರು ಬೀದಿಗೂ ನೀರು ತಡವಾಗಿ ಬಂತು, ಯಾರೂ ಬೈಯಲಿಲ್ಲ. ಮಾರನೆಯ ದಿನ ಮಾಮೂಲಿನಂತೆ ಬೈದರು.

ಆ ದಿನದ ಮಳೆಯನ್ನು ಹೊಡೆದು ಹಾಕಿದರು. ಶುಂಠಿಯವರಿಗೆ ಪರಿಹಾರ ಬಂತು, ನನಗೂ ಬಂತು. ಚಿಕ್ಕಬೀರಯ್ಯನಿಗೆ ಶುಂಠಿಯೂ ಇಲ್ಲ, ಪರಿಹಾರವೂ ಇಲ್ಲ. ಅವನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಸಂಘ ಧರಣಿ ಕೂರಬೇಕಿತ್ತು. ಆ ತಿಂಗಳು ಗೊಬ್ಬರದ ಧರಣಿ ಇತ್ತು, ಮುಂದಿನ ತಿಂಗಳು ಹೊಗೆಸೊಪ್ಪಿನ ಬೆಲೆಯದು. ಒಬ್ಬ ನೀರುಗಂಟಿಗಾಗಿ ರಸ್ತೆ ತಡೆಯುವಷ್ಟು ಜನ ಸೇರುವುದಿಲ್ಲ ಎಂದು ನಾವು ಅನುಭವಸ್ಥರು ಲೆಕ್ಕ ಹಾಕಿ ಎದ್ದುಬಂದೆವು.

ಈಗ ಬೀಗದ ಕೈ ಪಿಡಿಒ ಡ್ರಾಯರಿನಲ್ಲಿದೆ. ಬೇಲಿಯೊಳಗೆ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ. ಮೊನ್ನೆ ಬೇಸಿಗೆಯ ಭರಣಿ ನಕ್ಷತ್ರದಲ್ಲಿ ಊರಿನ ಸೂರುಗಳೆಲ್ಲ ಹರಿಯುವಷ್ಟು ನಿಜವಾದ ಮಳೆ ಬಂತು. ಯಂತ್ರ ಸೊನ್ನೆ ಅಂದಿತು. ಆಲಿಕೆಯ ತುಂಬ ಬೇವಿನೆಲೆ ಕೊಳೆತು, ಅದರ ಮೇಲೆ ಕಣಜ ಗೂಡು ಕಟ್ಟಿದೆ. ಇನ್ನೊಂದು ಸಲ ಹೀಗಾದರೆ ಬಿದ್ದ ಮಳೆ ಲೆಕ್ಕದಲ್ಲಿಲ್ಲ, ಬೀಳದ ಮಳೆಗೂ ಸಾಕ್ಷಿಯಿಲ್ಲ. ಬೇಲಿಯ ಹೊರಗೆ ನಿಂತು ನೋಡುತ್ತಿದ್ದ ಚಿಕ್ಕಬೀರಯ್ಯನನ್ನು, ಹಾರಿ ಒಳಗೆ ಹೋಗಿ ತೆಗೆಯಬಾರದೇನಲಾ ಎಂದು ಕೇಳಿದೆ.

"ಬೀಗದ್ ಕೈ ಇಸ್ಕಂಡವ್ರೆ ಕಣಣ್ಣ. ಇನ್ ನಾನ್ ಮುಟ್ಟಿದ್ರೆ ಕಿಡಿಗೇಡಿ ಆಯ್ತೀನಿ" ಅಂದ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ತಾಲ್ಲೂಕಿನಲ್ಲಿ ಕೂತು ಇದನ್ನು ಓದುತ್ತಿದ್ದೀರೋ, ನಿಮ್ಮ ಪಂಚಾಯ್ತಿಯ ಪಕ್ಕದಲ್ಲೂ ಇಂಥದೊಂದು ಡಬ್ಬ ಇರಬಹುದು. ಎದ್ದು ಹೋಗಿ ಅದರ ಬಾಯೊಳಗೆ ಇಣುಕಿ. ಬರುವ ಗ್ರಾಮಸಭೆಯಲ್ಲಿ, ಟೀ ಬಿಸ್ಕತ್ತಿಗೆ ಮುಂಚೆ, ಎದ್ದು ನಿಂತು ಠರಾವು ಬರೆಸಿ: ಇದನ್ನು ನೋಡಿಕೊಳ್ಳಲು ಊರಿನ ಒಬ್ಬ ಮನುಷ್ಯ ಇರಬೇಕು, ನಡೆದದ್ದನ್ನು ನಡೆದಂತೆ ಹೇಳಿದ್ದಕ್ಕೆ ಅವನ ಕೆಲಸ ಹೋಗಬಾರದು. ನಾನು ಎದ್ದು ನಿಂತರೆ ಜನ ಪೇಪರಿನ ಚಿತ್ರ ನೆನೆದು ನಗುತ್ತಾರೆ. ನಿಮ್ಮ ಕೈಯಲ್ಲಿ ಚೊಂಬು ಇಲ್ಲವಲ್ಲ, ನೀವು ಯಾವಾಗ ಏಳುತ್ತೀರಿ?