ಗಂಟು ಅಜ್ಜಿಯ ಮಡಿಲಲ್ಲೇ ಇತ್ತು

ನಾನು ಚಿಕ್ಕವಳಿದ್ದಾಗ ಒಂದು ಸುಳ್ಳು ಹೇಳಿ ಅಪ್ಪನ ಜೀವಕ್ಕೇ ಕುತ್ತು ತಂದಿದ್ದೆ. ಅಪ್ಪ ಉಳಿದ, ಆದರೆ ನನ್ನ ಜಾಣತನದಿಂದ ಅಲ್ಲ. ಮುಚ್ಚಿಡುವುದೇನಿದೆ, ಹೇಳಿಬಿಡುತ್ತೇನೆ. ನಡುವೆ ಎದ್ದು ಓಡಬೇಡಿ.

ಬಿಳಿಚೋಡಿನ ಹತ್ತಿರ ನಮ್ಮೂರು. ಆಗ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಮಡಕೆಯ ಹೊಟ್ಟೆಯ ಹಾಗೆ ಅಗಲ, ಆಳ ಮೂರು ಆಳು. ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಹುಳ ಬೀಳುತ್ತಿರಲಿಲ್ಲ. ಗುಡಿಯ ಮುಂದೆ ಊರೊಟ್ಟಿನದೊಂದು ಹಗೇವಿತ್ತು. ಎಲ್ಲರ ಮನೆಯ ಜೋಳವೂ ಅದರೊಳಗೆ ಒಂದೇ ರಾಶಿ.

ಅದನ್ನು ತೆಗೆಯುವುದು, ಮುಚ್ಚುವುದು ಮೊದಲಿಂದಲೂ ಮುದುಕರ ಕೆಲಸ. ಆ ವರ್ಷ ಅಪ್ಪ ಮತ್ತು ಅವನ ಜೊತೆಯವರು ಯುವಕರ ಸಂಘ ಕಟ್ಟಿದರು. ಗುಡಿಯ ಗೋಡೆಗೆ ಬೋರ್ಡು ಹೊಡೆದರು. ನೀವು ಇಷ್ಟು ದಿನ ಮಾಡಿದ್ದು ಸಾಕು, ಕೂತು ನೋಡಿ ಅಂತ ಮುದುಕರನ್ನೆಲ್ಲ ಕಟ್ಟೆಗೆ ಹತ್ತಿಸಿದರು. ಅವರು ಎಲೆಯಡಿಕೆ ಹಾಕಿಕೊಂಡು ಕೂತರು. ಕೂತರೇನು, ಒಬ್ಬರ ಕಾಲೂ ನಿಂತ ಕಡೆ ನಿಲ್ಲುತ್ತಿರಲಿಲ್ಲ.

ಹಗೇವು ತೆಗೆಯುವ ದಿನ ಬಿಸಿಲು ಕೆಂಡದ ಹಾಗಿತ್ತು. ಮನೆಯಲ್ಲಿ ಜೋಳ ಮುಗಿದು ಎಂಟು ದಿನವಾಗಿತ್ತು. ನವಣೆ ಗಂಜಿ ಕುಡಿದು ಕುಡಿದು ನನಗೂ ಅಕ್ಕನಿಗೂ ರೊಟ್ಟಿಯದೇ ಧ್ಯಾನ. ಪುಟ್ಟಿ ಹಿಡಿದು ಬೆಳಗಿನಿಂದ ನಿಂತಿದ್ದೆವು. ನೆಲ ಸುಡುತ್ತಿತ್ತು. ಒಂದು ಕಾಲೆತ್ತಿ ಇನ್ನೊಂದು ಊರುತ್ತಿದ್ದೆ, ಅದನ್ನೆತ್ತಿ ಇದನ್ನು ಊರುತ್ತಿದ್ದೆ. ಚಪ್ಪಡಿ ಸರಿಸಿದೊಡನೆ ಹುಳಿ ಮುಗ್ಗಿನ ಬಿಸಿ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಅರ್ಧ ಜೋಳವನ್ನು ಹಿಂದಿನ ವರ್ಷವೇ ತೆಗೆದಿದ್ದರಿಂದ ಒಳಗೆ ಬರೀ ಕತ್ತಲೆ ಕಾಣುತ್ತಿತ್ತು. ಅಪ್ಪ ಅಂಗಿ ಬಿಚ್ಚಿ ಇಳಿಯಲು ನಿಂತ.

ಅಷ್ಟರಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಕೋಲೂರಿಕೊಂಡು ಕಟ್ಟೆಯಿಂದ ಇಳಿದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು.

"ಒಂದು ಲಾಟೀನು ಹಚ್ಕಂಡು ಬರ್ರಿ," ಅಂದಳು.

"ಹಾಡಹಗಲು ಲಾಟೀನು ಯಾಕಜ್ಜಿ, ಸೂರ್ಯ ಕಾಣಲ್ವಾ?" ಅಂತ ಸಂಘದವನೊಬ್ಬ ನಕ್ಕ.

"ನನಗೆ ಕಾಣಲ್ಲ. ಒಳಗೆ ಇಳಿದ ಮ್ಯಾಲೆ ನಿನಗೂ ಕಾಣಲ್ಲ."

"ಅವ್ವ, ಜನ ಕಾಯ್ತಾ ಐತೆ. ಸುಮ್ನೆ ಹೋಗಿ ಕುಂತ್ಕ," ಅಂದ ಅಪ್ಪ.

ಅಜ್ಜಿ ಕುಂತಳು. ಕಟ್ಟೆಯ ಮೇಲಲ್ಲ, ಹಗೇವಿನ ಬಾಯಿಗೆ ಅಡ್ಡ ಕಾಲು ಚಾಚಿ. "ಈಗ ಇಳಿ, ನನ್ನ ತುಳಕಂಡು ಇಳಿ."

ಲಾಟೀನು ಬಂತು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟು ವಿಷವಾಗಿರುತ್ತದೆ. ಅಲ್ಲಿ ದೀಪ ಬದುಕಿದರೆ ಮನುಷ್ಯನೂ ಬದುಕುತ್ತಾನೆ, ದೀಪ ಸತ್ತರೆ ಮನುಷ್ಯನೂ ಅಷ್ಟೆ. ಲಾಟೀನಿಗೆ ಹಗ್ಗ ಕಟ್ಟಿ, ಜೋಳ ಮುಟ್ಟುವವರೆಗೆ ಇಳಿಸಿದಳು. ಮುಟ್ಟಿದ ಅಳತೆಗೆ ಹಗ್ಗಕ್ಕೊಂದು ಗಂಟು ಹಾಕಿದಳು. ಮೇಲೆಳೆದಾಗ ದೀಪ ಆರಿತ್ತು.

ಕಟ್ಟೆಯ ಮುದುಕರು ಹೇಳಿಸಿಕೊಳ್ಳದೆ ಎದ್ದು ಬಂದರು. ಇನ್ನೊಂದು ಹಗ್ಗಕ್ಕೆ ಕಂಬಳಿ ಕಟ್ಟಿ, ಹಗೇವಿನೊಳಗೆ ಇಳಿಸುವುದು ಎತ್ತುವುದು, ಇಳಿಸುವುದು ಎತ್ತುವುದು ಮಾಡಿದರು. ಮಜ್ಜಿಗೆ ಕಡೆದ ಹಾಗೆ ಗಾಳಿ ಕಡೆದರು. ಆಮೇಲೆ ಮತ್ತೆ ಲಾಟೀನು. ಅಜ್ಜಿಗೆ ದೀಪ ಕಾಣದು, ಅದಕ್ಕೆ ನನ್ನನ್ನು ಕರೆದಳು. ಹಗ್ಗದ ಸುರುಳಿ ಅವಳ ಮಡಿಲಲ್ಲಿ, ಲಾಟೀನಿನ ತುದಿ ನನ್ನ ಕೈಯಲ್ಲಿ. "ಗಂಟು ಕೈಗೆ ಬರೋತನ ಬಿಡು. ಆಮೇಲೆ ದೀಪ ಐತೋ ಇಲ್ಲೋ ಹೇಳು."

ಎರಡನೇ ಸಲವೂ ಆರಿತು. ಮೂರನೇ ಸಲವೂ ಆರಿತು. ಬಿಸಿಲು ನೆತ್ತಿಯಿಂದ ಜಾರಿತು. ಸಂಘದವರು ಬೀಡಿ ಸೇದಿ ಎಸೆದು, ಅಲ್ಲೇ ಸುತ್ತು ಹಾಕುತ್ತಿದ್ದರು. "ಈ ಮುದುಕಿ ಕಾಲಾಗೆ ಇವತ್ತು ಉಣ್ಣಂಗಿಲ್ಲ ಬಿಡು," ಅಂತ ಗೊಣಗುವುದು ಕೇಳುತ್ತಿತ್ತು. ಅಕ್ಕ ಹಿಂದಿನಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

ನಾಲ್ಕನೇ ಸಲ ನಾನು ಅರ್ಧ ಇಳಿಸಿ ನಿಲ್ಲಿಸಿದೆ. ದೀಪ ಉರಿಯುತ್ತಿತ್ತು. ಸರಸರ ಮೇಲೆಳೆದೆ.

"ಐತೆ ಅಜ್ಜಿ, ದೀಪ ಐತೆ."

"ಗಂಟು ಬಂತಾ?"

"ಬಂತು."

ಅಪ್ಪ ಅಜ್ಜಿಯ ಪಕ್ಕದಿಂದ ನುಗ್ಗಿ ಒಂದು ಕಾಲು ಒಳಗಿಟ್ಟೇ ಬಿಟ್ಟ. ಅಜ್ಜಿ ತಡಕಾಡಿ ಅವನ ಕೂದಲಿಗೇ ಕೈ ಹಾಕಿ ಹಿಡಿದಳು. ಇನ್ನೊಂದು ಕೈ ಮಡಿಲಿನಿಂದ ಹಗ್ಗ ಎತ್ತಿತು.

"ಗಂಟು ಇಲ್ಲೇ ನನ್ನ ಮಡಿಲಾಗೈತೆ. ನಿನ್ನ ಕೈಗೆ ಯಾವ ಗಂಟು ಬಂತೇ?"

ಅಜ್ಜಿ ತಾನೇ ಲಾಟೀನು ಇಳಿಸಿದಳು. ನೋಡ್ರಿ ಅಂದಳು. ಎಲ್ಲರೂ ಬಗ್ಗಿ ನೋಡಿದರು. ಗಂಟು ಇನ್ನೂ ಮೊಳದಷ್ಟು ದೂರ ಇರುವಾಗ ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಅಪ್ಪ ಒಳಗಿಟ್ಟ ಕಾಲನ್ನು ನಿಧಾನ ಈಚೆ ತೆಗೆದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಜ್ಜಿ ನನ್ನನ್ನು ಹೊಡೆಯಲಿಲ್ಲ. ಕಂಬಳಿಯ ಹಗ್ಗ ಕೈಗೆ ಕೊಟ್ಟು "ಎಳಿ" ಅಂದಳು. ಅಂಗೈ ಬೊಬ್ಬೆ ಬರುವ ತನಕ ಎಳೆದೆ. ಸಂಘದವರೂ ಬಾಯಿ ಮುಚ್ಚಿಕೊಂಡು ಎಳೆದರು. ಹೊತ್ತು ಇಳಿಯುವಾಗ ಗಂಟು ಕೈಗೆ ಬಂತು, ದೀಪ ಉರಿಯುತ್ತಲೇ ಇತ್ತು. ಆಗ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಆ ಹಗ್ಗದ ತುದಿ ಮುದುಕರ ಕೈಯಲ್ಲಿತ್ತು. ಅವತ್ತಿನ ರೊಟ್ಟಿ ಕೆಂಪಗೆ, ಹುಳಿಹುಳಿಯಾಗಿತ್ತು. ನಾಚಿಕೆಯಾಗಿತ್ತು, ಆದರೂ ಮೂರು ತಿಂದೆ.

ಮರುವರ್ಷ ಅಪ್ಪ ತಾನೇ ಕಟ್ಟೆಯ ಹತ್ತಿರ ಹೋಗಿ, "ಯಾವತ್ತು ತೆಗಿಯಾನ, ನೀವು ಹೇಳ್ರಿ," ಅಂತ ಕೇಳಿದ. ಸಂಘದ ಬೋರ್ಡು ಗೋಡೆಯ ಮೇಲೇ ಇತ್ತು. ಹಗ್ಗ ಮಾತ್ರ ಅಜ್ಜಿಯ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಅವಳ ನಂತರ ಕಟ್ಟೆಯ ಇನ್ನೊಬ್ಬ ಮುದುಕನ ಮನೆಗೆ ಹೋಯಿತು.

ಆ ಹಗೇವನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಮೇಲೆ ನೀವು ಕ್ರಿಕೆಟ್ ಆಡುತ್ತೀರಿ. ಜೋಳದ ಹಿಟ್ಟು ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕಾಯುವ ಕೆಲಸವಿಲ್ಲ. ಆದರೆ ನಾಳೆ ಗುಡಿಯ ಹಿಂದಿನ ನೀರಿನ ಸಂಪಿನೊಳಗೆ ಇಳಿದು ತೊಳೆಯುತ್ತೇವೆ ಅಂತ ನಿಮ್ಮಪ್ಪ ಮತ್ತು ಅವನ ಗೆಳೆಯರು ಹೊರಟಿದ್ದಾರೆ. ಅದನ್ನು ಮುಚ್ಚಿ ಮೂರು ವರ್ಷವಾಯಿತು. ದೀಪ ಇಳಿಸಿ ನೋಡಿ ಅಂದರೆ, "ಮೊಬೈಲಾಗೆ ಟಾರ್ಚ್ ಐತಲ್ಲಜ್ಜಿ," ಅಂತ ನೀವು ನಗುತ್ತೀರಿ. ನಿಮ್ಮ ಟಾರ್ಚು ಕೆಟ್ಟ ಗಾಳಿಯಲ್ಲೂ ಚೆನ್ನಾಗಿ ಉರಿಯುತ್ತದೆ. ಅದಕ್ಕೇ ಅದನ್ನು ನಂಬಬೇಡಿ. ಆರುವ ದೀಪ ತನ್ನಿ. ನಾಳೆ ನಾನೂ ಕಟ್ಟೆಯ ಮುದುಕರೂ ಬಂದು ಆ ಸಂಪಿನ ಬಾಯಿಗೆ ಅಡ್ಡ ಕೂರುತ್ತೇವೆ. ಹಗ್ಗ ನನ್ನ ಮಡಿಲಲ್ಲಿರಲಿ. ನನ್ನ ಕಣ್ಣಿಗೂ ಈಗ ಪೊರೆ ಬಂದಿದೆ, ದೀಪವನ್ನು ನೀವು ನೋಡಿ.

ಕಂಡದ್ದನ್ನೇ ಹೇಳಿ.