ಬಿಸಿಲೇರುವ ಮೊದಲು ಗೊಲ್ಲಾಳಮ್ಮನ ಕಣ್ಣು

ಏಪ್ರಿಲ್ ತಿಂಗಳ ಕೊನೆ. ಯಾದಗಿರಿಯಲ್ಲಿ ಹೊತ್ತು ಮುಳುಗಿ ಎಷ್ಟು ಹೊತ್ತಾದರೂ ಗೋಡೆಗಳ ಕಾವು ಇಳಿಯುವುದಿಲ್ಲ. ಮಾಳಿಗೆಯ ಮೇಲೆ ಹೊರಳಾಡಿದ ಜನಕ್ಕೆ ಬೆಳಗಿನ ಜಾವದ ತಣ್ಣನೆ ಗಾಳಿಯಲ್ಲಿ ನಿದ್ದೆ ಹತ್ತುವ ಹೊತ್ತಿಗೆ, ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಷಟರ್ ಮೇಲೇಳುತ್ತದೆ. ನಲವತ್ತೆರಡರ ಪರಿಮಳಾ ಒಳಗೆ ಹೋಗಿ, ರಾತ್ರಿಯಿಡೀ ನೀರಿನ ಕೊಡದ ಕೆಳಗಿದ್ದು ತಣ್ಣಗಾದ ಚಪ್ಪಟೆ ಫರಸಿ ಕಲ್ಲನ್ನು ಎಳೆದು ತೆಗೆಯುತ್ತಾರೆ. ಅದನ್ನು ಒಣಗುವಂತೆ ಒರೆಸಿ ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ಹಳೆಯ ಲ್ಯಾಪ್‌ಟಾಪ್ ಕೂರಿಸುತ್ತಾರೆ. ಟೇಬಲ್ ಫ್ಯಾನ್ ಕೂಡ ಅದರ ಕಡೆಗೇ ತಿರುಗುತ್ತದೆ. ಮನುಷ್ಯರಿಗೆ ಗಾಳಿ ಬೇಕಾದರೆ ಹೊರಗಿನ ಕಟ್ಟೆಯ ಮೇಲೆ ಕೂರಬೇಕು.

ಇವತ್ತು ಕಟ್ಟೆಯ ಮೇಲೆ ಬಳಿಚಕ್ರ ಹಳ್ಳಿಯ ಅಮರಪ್ಪ ಆಗಲೇ ಬಂದು ಕೂತಿದ್ದಾರೆ. ಐದು ದಿನದ ಹಿಂದೆ ಅವರ ತಾಯಿ ಗೊಲ್ಲಾಳಮ್ಮ ತೀರಿಕೊಂಡಿದ್ದಾರೆ. ಇವತ್ತು ಹನ್ನೊಂದಕ್ಕೆ ಮನೆಯಲ್ಲಿ ಶಿವಗಣಾರಾಧನೆ. ಮಠದ ಸ್ವಾಮಿಗಳು ಬರುತ್ತಾರೆ, ಬೀಗರು ಬಿಜ್ಜರು ಸೇರುತ್ತಾರೆ, ನಡುವೆ ಹಾರ ಹಾಕಿದ ಫೋಟೋ ಇರಬೇಕು. ಆ ಫೋಟೋ ಇನ್ನೂ ಇಲ್ಲ. ಸಂಬಂಧಿಕರೊಬ್ಬರು ಮೊಬೈಲಿನ ಯಾವುದೋ ಆ್ಯಪಿನಲ್ಲಿ ಮಾಡಿಸಿ ತಂದದ್ದು ನಿನ್ನೆ ಸಂಜೆ ಮನೆಗೆ ಬಂತಂತೆ. ಮುಖ ಬೆಳ್ಳಗೆ, ಹಲ್ಲು ಸಾಲಾಗಿ, ಟೀವಿ ಸೀರಿಯಲ್‌ನ ಅತ್ತೆಯ ಹಾಗೆ. ಅಮರಪ್ಪನವರ ಅಕ್ಕ ಅದನ್ನು ನೋಡಿ, ಇದು ಯಾರ ಮನೆಯ ಫೋಟೋ ಎಂದು ಕೇಳಿದರಂತೆ.

ತೀರಿಕೊಂಡವರ ಫೋಟೋ ಮಾಡುವುದೇ ಪರಿಮಳಾ ಅವರ ಕಸುಬು. ಬದುಕಿದ್ದಾಗ ಒಂದು ಒಳ್ಳೆಯ ಫೋಟೋ ತೆಗೆಸಿಕೊಂಡಿರದ ಜನವೇ ಸುತ್ತಲಿನ ಊರುಗಳಲ್ಲಿ ಹೆಚ್ಚು. ಮನೆಯವರು ತರುವುದು ಆಧಾರ್ ಕಾರ್ಡು, ರೇಷನ್ ಕಾರ್ಡು, ಯಾರದೋ ಮದುವೆಯ ಗುಂಪಿನ ಚಿತ್ರ. ಅದರಿಂದ ಒಂದು ಮುಖ ಬಿಡಿಸಿ, ಮುಚ್ಚಿದ ಕಣ್ಣು ತೆರೆಸಿ, ಹರಿದ ಅಂಗಿಯ ಬದಲು ಬಿಳಿ ಅಂಗಿ ತೊಡಿಸಿ, ಗೋಡೆಗೆ ಹಾಕುವ ಅಳತೆಗೆ ತರಬೇಕು. ಪತಿ ಹಣಮೇಶ ಅಲ್ಲೇ ಗಾಜು ಕೊಯ್ದು ಚೌಕಟ್ಟು ಹಾಕುತ್ತಾರೆ. ಉಳಿದ ದಿನಗಳಲ್ಲಿ ದಿನಕ್ಕೆ ಒಂದೆರಡು ಕೆಲಸ. ಬೇಸಿಗೆ ಬಂತೆಂದರೆ ನಾಲ್ಕೈದು. ಮುದನಾಳದಿಂದ ನಡೆದುಕೊಂಡು ಬರುವವರಿದ್ದಾರೆ, ಶಹಾಪುರ, ಸುರಪುರದಿಂದ ಬಸ್ಸು ಹಿಡಿದು ಬರುವವರಿದ್ದಾರೆ.

ರಾಮಸಮುದ್ರದ ಕೂಲಿ ಮನೆಯ ಹುಡುಗಿ ಪರಿಮಳಾ. ಹತ್ತನೇ ತರಗತಿ ಮುಗಿಸಿ ಯಾದಗಿರಿಯ ಸ್ಟುಡಿಯೋ ಒಂದಕ್ಕೆ ಕಸ ಗುಡಿಸುವ ಕೆಲಸಕ್ಕೆ ಬಂದವರು, ಅಲ್ಲಿ ಕುಂಚ ಹಿಡಿದು ಫೋಟೋದ ಮೇಲಿನ ಬಿಳಿ ಚುಕ್ಕೆ ಮುಚ್ಚುವುದನ್ನು ಕಲಿತರು. ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತರು. ಊರಲ್ಲಿ ಅವರ ಕೇರಿ ಯಾವುದು ಎಂಬುದು ಬರುವವರಿಗೆಲ್ಲ ಗೊತ್ತು. “ನಾ ಹೊಸ್ತಿಲಾ ದಾಟದ ಮನಿ ಭಾಳ ಅದಾವ್ರಿ,” ಎನ್ನುತ್ತಾರೆ, ಕಣ್ಣನ್ನು ಪರದೆಯಿಂದ ತೆಗೆಯದೆ. “ಆದ್ರ ನಾ ಮಾಡಿದ ಫೋಟೋ ದೇವರ ಜಗಲಿ ತನಾ ಹೋಗಿ ಕುಂತಾವ. ನಡೀಲಿ, ಅವಾದ್ರೂ ಹೋಗ್ಯಾವಲ್ಲ.”

ಈ ಲ್ಯಾಪ್‌ಟಾಪ್ ಕೊಂಡು ಎಂಟು ವರ್ಷ ದಾಟಿದೆ. ಪರದೆಯ ಬಲಭಾಗದಲ್ಲಿ ಚಹಾ ಚೆಲ್ಲಿದಂಥ ಹಳದಿ ಕಲೆ ಇದೆ. ಮೈಬಣ್ಣ ಸರಿಯಾಗಿದೆಯೇ ಎಂದು ನೋಡಬೇಕಾದರೆ ಮುಖವನ್ನು ಎಡಕ್ಕೆ ಸರಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಂದರೆ ಕಾವು. ಅಂಗಡಿಗೆ ತಗಡಿನ ಮಾಡು. ಎಂಟು ಗಂಟೆಯಾಯಿತೆಂದರೆ ಒಳಗೆ ಕೂರಲಾಗದು. ಯಂತ್ರ ಮೊದಲು ಗೊರಗೊರ ಎನ್ನುತ್ತದೆ, ಆಮೇಲೆ ಕೇಳದೆ ಹೇಳದೆ ಆರಿಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೆಲಸವೆಲ್ಲ ಜಾವದಲ್ಲೇ.

ಹೊಸದಕ್ಕೆ ಬೇಕಾದ ಹಣ ಇಲ್ಲವೆಂದಲ್ಲ. ಚೀಟಿ ಎತ್ತಿದ್ದಾರೆ, ಹಣ ಬ್ಯಾಂಕಿನಲ್ಲಿದೆ. ಕಲಬುರಗಿಯ ಅಂಗಡಿಗೆ ಹೋಗಿ ನೋಡಿಯೂ ಬಂದಿದ್ದಾರೆ. ದುಬಾರಿ ಕಂಪನಿಯ ತೆಳ್ಳನೆ ಲ್ಯಾಪ್‌ಟಾಪ್, ಒಳಗೆ ಫ್ಯಾನೇ ಇಲ್ಲ, ಬಿಸಿಯಾಗುವುದೂ ಕಡಿಮೆ. ಪೆನ್ ಡ್ರೈವಿನಲ್ಲಿ ಒಯ್ದಿದ್ದ ಒಬ್ಬ ಅಜ್ಜಿಯ ಮೂಲ ಚಿತ್ರವನ್ನು ಅದರಲ್ಲಿ ತೆರೆದಾಗ, ಗದ್ದದ ಮೇಲೆ ಒಂದು ಹಚ್ಚೆಯ ಚುಕ್ಕೆ ಕಂಡಿತು. ತಮ್ಮ ಪರದೆಯ ಮೇಲೆ ಅದು ಧೂಳಿನಂತೆ ಕಂಡಿತ್ತು. ಅಳಿಸಿಬಿಟ್ಟಿದ್ದರು. ಫೋಟೋ ಆಗಲೇ ಗೋಡೆ ಸೇರಿತ್ತು, ಮನೆಯವರೂ ಏನೂ ಅಂದಿರಲಿಲ್ಲ. “ಇನ್ನ ಎಷ್ಟ ಮಂದಿ ಹಚ್ಚಿ ಅಳಿಸೀನೋ ಏನೋ,” ಎಂದು ಪರಿಮಳಾ ಈಗಲೂ ಹೇಳುತ್ತಾರೆ.

ಆದರೂ ಕೊಂಡಿಲ್ಲ. ಕಾರಣ, ಅದರ ಹೊಸ ಮಾಡೆಲ್ ಬರಲಿದೆಯಂತೆ. ಜೂನ್ ಎನ್ನುತ್ತಾರೆ, ದಸರೆ ಎನ್ನುತ್ತಾರೆ. ಅಂಗಡಿಯವರೇ ತಡೆಯಿರಿ ಎಂದಿದ್ದಾರೆ. ಕಳೆದ ಸಲ ತಡೆಯದೆ ಕೊಂಡದ್ದಕ್ಕೆ ಪೆಟ್ಟು ತಿಂದಿದ್ದಾರೆ. ಕೊಂಡು ತಿಂಗಳೊಳಗೆ ಹೊಸದು ಬಂತು. ನಾಲ್ಕೇ ವರ್ಷಕ್ಕೆ ಇವರ ಯಂತ್ರಕ್ಕೆ ಅಪ್‌ಡೇಟ್ ನಿಂತಿತು. ಫೋಟೋದ ಹೊಸ ಸಾಫ್ಟ್‌ವೇರ್ ಇದರಲ್ಲಿ ಕೂರುವುದಿಲ್ಲ, ಹಳೆಯದರಲ್ಲೇ ಏಗಬೇಕು. ಇನ್ನೊಮ್ಮೆ ಇಷ್ಟು ಹಣ ಕೂಡಿಸಲು ಮತ್ತೆ ಎಂಟು ವರ್ಷ ಬೇಕು. ಈ ಸಲ ಎಡವಿದರೆ ವಯಸ್ಸು ಐವತ್ತಾಗುವವರೆಗೆ ಎಡವಿದ ಹಾಗೆಯೇ.

ಪಕ್ಕದ ಮೊಬೈಲ್ ಅಂಗಡಿಯ ಅಜರುದ್ದೀನ ಆರೂವರೆಗೆ ಬರುತ್ತಾರೆ. ಈ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಧೂಳು ಊದಿ ಇಷ್ಟು ದಿನ ನಡೆಸಿದವರು ಅವರೇ. ದಿನವೂ ಯಾವುದಾದರೂ ವಿಡಿಯೋ ನೋಡಿ ಬರುತ್ತಾರೆ. “ಒಂದೂವರಿ ತಿಂಗಳ ತಡೀರಿ ಪರಿಮಳಕ್ಕ,” ಎಂದು ಇವತ್ತೂ ಶುರು ಮಾಡುತ್ತಾರೆ. “ಹೊಸದು ಬಂತಂದ್ರ ಹಳೇದರ ರೇಟ್ ತಾನ ಬೀಳ್ತದ. ಹೊಸದನ್ನ ತಗೊಂಡ್ರೂ ನಿಮಗ ಫಾಯದಾ, ಹಳೇದನ್ನ ತಗೊಂಡ್ರೂ ಫಾಯದಾ.”

ಹಣಮೇಶ ಗಾಜಿನ ಮೇಲೆ ಅಳತೆಪಟ್ಟಿ ಇಡುತ್ತ, “ಹಂಗಾದ್ರ ಹೊರಗೊಂದ ಬೋರ್ಡ್ ಬರದ ಹಾಕು ಅಜರು,” ಎನ್ನುತ್ತಾರೆ. “ಹೊಸಾ ಮಾಡೆಲ್ ಬರೂತನಾ ಯಾರೂ ಸಾಯಬಾರದು ಅಂತ.”

ಅಂದ ಮೇಲೆ ಕಟ್ಟೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಮರಪ್ಪ ತಲೆಯ ಮೇಲಿನ ಟವೆಲು ಸರಿಪಡಿಸಿಕೊಳ್ಳುತ್ತಾರೆ. “ಇರ್ಲಿ ಬಿಡ್ರಿ. ನಮ್ಮವ್ವ ಬೋರ್ಡ್ ಓದಾಕಿ ಅಲ್ಲ.”

ಗೊಲ್ಲಾಳಮ್ಮನವರ ಎರಡೇ ಚಿತ್ರಗಳಿವೆ. ಆಧಾರ್ ಕಾರ್ಡಿನಲ್ಲಿ ಮುಖ ನೇರವಾಗಿದೆ, ಆದರೆ ಕಣ್ಣು ಮುಚ್ಚಿದಂತಿವೆ. ಸ್ತ್ರೀಶಕ್ತಿ ಸಂಘದ ಗುಂಪಿನ ಚಿತ್ರದಲ್ಲಿ ಕಣ್ಣು ತೆರೆದಿದೆ, ಆದರೆ ಅರ್ಧ ಮುಖ ಪಕ್ಕದವರ ಹೆಗಲ ಹಿಂದಿದೆ. ಕಾಣುವ ಒಂದು ಕಣ್ಣನ್ನೇ ತಿರುವಿ ಇನ್ನೊಂದು ಕಡೆಗೆ ಅಂಟಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಪರಿಮಳಾ ಹಾಗೆ ಮಾಡುವುದಿಲ್ಲ. ಎರಡೂ ಕಣ್ಣು ಒಂದೇ ಸಮ ಇರುವ ಮನುಷ್ಯರಿಲ್ಲ, ಹಾಗೆ ಮಾಡಿದ ಮುಖವನ್ನು ಮನೆಯವರ ಮನಸ್ಸು ಒಪ್ಪುವುದಿಲ್ಲ ಎಂಬುದು ಅವರ ಅನುಭವ. ಎರಡನೆಯ ಕಣ್ಣನ್ನು ಕಾರ್ಡಿನ ರೆಪ್ಪೆ ನೋಡಿಕೊಂಡು ಗೆರೆ ಗೆರೆಯಾಗಿ ಬರೆಯಬೇಕು.

ಆದರೆ ಅಮರಪ್ಪನವರಿಗೆ ಮೊದಲು ಸೀರೆ ಬೇಕು. ಕಾರ್ಡಿನಲ್ಲಿರುವುದು ಮಾಸಿದ ಹಸಿರು ಸೀರೆ. ಅದರ ಬದಲು ಕೆಂಪು ಸೆರಗಿನ ಇಳಕಲ್ ಸೀರೆ ಉಡಿಸಬೇಕೆಂದು ಬಂದಾಗಿನಿಂದ ಹೇಳುತ್ತಿದ್ದಾರೆ. ಕಟ್ಟೆಯಿಂದ ಎದ್ದು ಬಂದು ಬೆನ್ನ ಹಿಂದೆಯೇ ನಿಂತಿದ್ದಾರೆ. ಸೆರಗು ಇನ್ನೂ ಕೆಂಪಾಗಲಿ, ಅಂಚು ಇನ್ನಷ್ಟು ಅಗಲ ಬರಲಿ ಎನ್ನುತ್ತಾರೆ. ಕಣ್ಣು ಮೊದಲು ಮುಗಿಸುತ್ತೇನೆ ಎಂದು ಪರಿಮಳಾ ಎರಡು ಸಲ ಹೇಳಿ, ಕೊನೆಗೆ ಸೀರೆಗೇ ಕೈ ಹಚ್ಚುತ್ತಾರೆ. ನಿರಿಗೆ, ನೆರಳು, ತಲೆಯ ಮೇಲಿನ ಸೆರಗಿನ ಮಡಿಕೆ. ಏಳೂವರೆಗೆ ಗೊರಗೊರ ಶುರುವಾಗುತ್ತದೆ.

ದೊಡ್ಡ ಚಿತ್ರವನ್ನು ಉಳಿಸಿಕೊಳ್ಳಲು ಈ ಯಂತ್ರಕ್ಕೆ ಐದಾರು ನಿಮಿಷ ಬೇಕು, ಅದರಲ್ಲೇ ಅದು ಹೆಚ್ಚು ಕಾವೇರುತ್ತದೆ. ಹಾಗಾಗಿ ಒಂದೊಂದು ಹಂತ ಮುಗಿದ ಮೇಲಷ್ಟೇ ಉಳಿಸುವುದು ರೂಢಿ. ಸೀರೆ ಮುಗಿಸಿ ಪರಿಮಳಾ ಬಟನ್ ಒತ್ತುತ್ತಾರೆ. ಪರದೆಯ ಮೇಲೆ ನೀಲಿ ಗೆರೆ ನಿಧಾನಕ್ಕೆ ಮುಂದೆ ಸರಿಯುತ್ತದೆ. ಅರ್ಧ ದಾಟುತ್ತದೆ. ಮುಕ್ಕಾಲಿಗೆ ಬಂದು ಪರದೆ ಕಪ್ಪಾಗುತ್ತದೆ.

ಹಣಮೇಶ ಅಮರಪ್ಪನವರಿಗೆ, ಹೇಳಿದರೆ ಕೇಳಬೇಕಲ್ಲ ಹಿರೇರ ಎಂದು ರೇಗುತ್ತಾರೆ. ಪರಿಮಳಾ ಕೈ ಎತ್ತಿ ಅವರನ್ನು ತಡೆದು, ಕೊಡದ ಕೆಳಗಿನ ಇನ್ನೊಂದು ತಣ್ಣನೆ ಕಲ್ಲು ತಂದು ಬದಲಿಸುತ್ತಾರೆ. ಅಜರುದ್ದೀನ ತಮ್ಮ ಅಂಗಡಿಯ ಫ್ಯಾನನ್ನೂ ತಂದು ಹಚ್ಚುತ್ತಾರೆ. ಅವರ ಕಂಪ್ಯೂಟರಿನಲ್ಲಿ ಬಿಲ್ಲು ಮಾಡಬಹುದೇ ಹೊರತು ಈ ಕೆಲಸ ಆಗುವುದಿಲ್ಲ. ಬೇರೆ ಸ್ಟುಡಿಯೋಗಳು ತೆರೆಯುವುದು ಹತ್ತಕ್ಕೆ. ಬಳಿಚಕ್ರದಿಂದ ಫೋನಿನ ಮೇಲೆ ಫೋನು ಬರುತ್ತಿದೆ. ಪೆಂಡಾಲಿನಲ್ಲಿ ಫೋಟೋ ಇಡುವ ಕುರ್ಚಿಗೆ ಬಟ್ಟೆ ಹೊದಿಸಿ ಕಾಯುತ್ತಿದ್ದಾರಂತೆ. ಅಮರಪ್ಪ, ಬಂದೆ ಬಂದೆ ಎಂದು ಫೋನು ಇಡುತ್ತಾರೆ.

ಎಂಟು ಕಳೆದ ಮೇಲೆ ಯಂತ್ರ ಮತ್ತೆ ಚಾಲೂ ಆಗುತ್ತದೆ. ಉಳಿದಿರುವುದು ಮುಖ ಬಿಡಿಸಿದ ಮೊದಲ ಹಂತ ಮಾತ್ರ. ಹಸಿರು ಸೀರೆ, ಮುಚ್ಚಿದಂಥ ಕಣ್ಣು. ತಗಡಿನ ಕಾವು ಆಗಲೇ ನೆತ್ತಿಗೆ ತಾಗುತ್ತಿದೆ. ಇನ್ನು ಹೆಚ್ಚೆಂದರೆ ಅರ್ಧ ತಾಸು ನಡೆದೀತು, ಅದರಲ್ಲೇ ಪ್ರಿಂಟೂ ಆಗಬೇಕು.

ಪರಿಮಳಾ ಕುರ್ಚಿ ತಿರುಗಿಸಿ ಕೂರುತ್ತಾರೆ. “ಅಣ್ಣಾರ, ಎರಡೂ ಆಗೂದಿಲ್ರಿ. ಒಂದ ಹೇಳ್ರಿ. ಕಣ್ಣ ಮಾಡ್ಲೋ, ಸೀರಿ ಉಡಸ್ಲೋ?”

ಅಮರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತು, ಕೇಳದೆಯೇ ಸೀರೆಯ ವಿಷಯ ಹೇಳುತ್ತಾರೆ. ತಾಯಿ ಒಮ್ಮೆ ಸಂತೆಯಲ್ಲಿ ಆ ಸೀರೆ ಮುಟ್ಟಿ ನೋಡಿದ್ದರಂತೆ. ಹತ್ತಿ ಮಾರಿದ ಮೇಲೆ ಕೊಡಿಸುತ್ತೇನೆ ಎಂದಿದ್ದರಂತೆ ಇವರು. ಆ ವರ್ಷ ಕೈಯಲ್ಲಿ ದುಡ್ಡಿತ್ತು. ಆದರೆ ಕೊಡಿಸುವುದಾದರೆ ಪೂರಾ ರೇಷ್ಮೆಯದನ್ನೇ ಕೊಡಿಸೋಣ, ಬರುವ ವರ್ಷ ನೋಡೋಣ ಎಂದು ಬಿಟ್ಟರು. ಮರುವರ್ಷವೂ ಹಾಗೇ ಅಂದುಕೊಂಡರು. ಅವ್ವ ಮತ್ತೆ ಕೇಳಲಿಲ್ಲ.

ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ಅವರು ತೆಗೆಯುವುದಿಲ್ಲ.

“ಕಣ್ಣ ಮಾಡು, ತಂಗಿ,” ಎನ್ನುತ್ತಾರೆ.

ಪರಿಮಳಾ ಮುಖವನ್ನು ಎಡಕ್ಕೆ ಎಳೆದುಕೊಂಡು ರೆಪ್ಪೆಯ ಗೆರೆ ಎತ್ತುತ್ತಾರೆ, ಗುಡ್ಡೆಯಲ್ಲಿ ಬೆಳಕಿನ ಚುಕ್ಕೆ ಇಡುತ್ತಾರೆ, ಅಳಿಸುತ್ತಾರೆ, ಮತ್ತೆ ಇಡುತ್ತಾರೆ. ಗೊರಗೊರ ಜೋರಾಗುತ್ತದೆ. ಉಳಿಸುವ ಗೊಡವೆಗೆ ಹೋಗದೆ ನೇರ ಪ್ರಿಂಟಿಗೆ ಕಳಿಸುತ್ತಾರೆ. ಪ್ರಿಂಟರಿನಿಂದ ಕಾಗದ ಅಂಗುಲ ಅಂಗುಲವಾಗಿ ಹೊರಬರುತ್ತದೆ. ತಲೆಯ ಮೇಲಿನ ಸೆರಗು, ಹಣೆ, ವಿಭೂತಿ, ಕಣ್ಣು. ಕೊರಳು ಕಾಣುವ ಹೊತ್ತಿಗೆ ಲ್ಯಾಪ್‌ಟಾಪ್ ಆರುತ್ತದೆ. ಪ್ರಿಂಟರ್ ಒಂದು ಗಳಿಗೆ ತಡೆದು, ತನಗೆ ಆಗಲೇ ತಲುಪಿದ್ದನ್ನು ಮುಗಿಸುತ್ತದೆ.

ಹಣಮೇಶ ಚೌಕಟ್ಟು ಹಾಕಿ ಎತ್ತಿ ಹಿಡಿಯುತ್ತಾರೆ. ಗೊಲ್ಲಾಳಮ್ಮ ಮಾಸಿದ ಹಸಿರು ಸೀರೆಯಲ್ಲಿ, ಒಂದು ಕಣ್ಣು ಕೊಂಚ ಸಣ್ಣದು ಮಾಡಿ, ಯಾರೋ ಕರೆದದ್ದಕ್ಕೆ ತಿರುಗಿದಂತೆ ನೋಡುತ್ತಿದ್ದಾರೆ. ಅಮರಪ್ಪ ಹತ್ತಿರ ಬಂದು ನೋಡಿ, “ಈಗ ಬೈತಾಳ ನೋಡ್ರಿ,” ಎನ್ನುತ್ತಾರೆ.

ಹೊಸ ಯಂತ್ರ ಬಂದ ಮೇಲೆ ನಿಧಾನಕ್ಕೆ ಕೂತು ಸೀರೆ ಉಡಿಸಿ ಕೊಡುತ್ತೇನೆ, ವರ್ಷದ ಪೂಜೆಯ ಹೊತ್ತಿಗೆ ಬಂದು ಒಯ್ಯಿರಿ, ಅದಕ್ಕೆ ಮತ್ತೆ ಹಣ ಬೇಡ ಎಂದು ಪರಿಮಳಾ ಹೇಳುತ್ತಾರೆ. ಅಮರಪ್ಪ ಫೋಟೋವನ್ನು ಟವೆಲಿನಲ್ಲಿ ಸುತ್ತುತ್ತ ತಲೆಯಾಡಿಸುತ್ತಾರೆ.

“ಬ್ಯಾಡ ತಂಗಿ. ನಾ ಉಡಸ್ಲಿಲ್ಲ. ಫೋಟೋದಾಗ ಉಡಿಸಿಬಿಟ್ರ, ನಾಕ ವರ್ಷ ಹೋದ್ರ ನಾನ ಕೊಡಿಸಿದ್ನಿ ಅಂತ ನನಗ ಅನಸ್ತದ. ಅದು ಹಂಗ ಇರ್ಲಿ.”

ಅಮರಪ್ಪನವರ ಬೈಕು ಗಲ್ಲಿ ದಾಟಿ ಹೋಗುತ್ತದೆ. ಹೊತ್ತು ಒಂಬತ್ತಾಗಿಲ್ಲ, ತಗಡು ಚಟಚಟ ಎನ್ನತೊಡಗಿದೆ. ಅಜರುದ್ದೀನ ಮೆಲ್ಲಗೆ, ಜೂನ್ ಎರಡನೇ ವಾರವಂತೆ, ಈಗಷ್ಟೇ ವಿಡಿಯೋ ಬಂದಿದೆ ಎನ್ನುತ್ತಾರೆ. ಪರಿಮಳಾ ಕೇಳಿಸಿಕೊಳ್ಳುತ್ತಾರೆ, ಸಿಟ್ಟು ಮಾಡುವುದಿಲ್ಲ. ಕಲಬುರಗಿಯ ಅಂಗಡಿಗೆ ಫೋನು ಹಚ್ಚುತ್ತಾರೆ. ಆ ಕಡೆಯವರೂ ಅದನ್ನೇ ಹೇಳುತ್ತಿರಬೇಕು. ಇಷ್ಟು ದಿನ ತಡೆದಿದ್ದೀರಿ, ಇನ್ನಷ್ಟು ದಿನ ತಡೆಯಿರಿ, ಆಮೇಲೆ ನಮ್ಮನ್ನು ಅನ್ನಬಾರದು ಎಂದು. ಪರಿಮಳಾ ಎಲ್ಲಕ್ಕೂ ಹೂಂ ಎನ್ನುತ್ತಾರೆ. ಅವರ ಮಾತು ಮುಗಿಯಲು ಬಿಡುತ್ತಾರೆ.

“ಹೊಸದು ಬರ್ಲಿರಿ. ಬಂದಾಗ ಬಂದವ್ರಿಗೆ ಕೊಡ್ರಿ,” ಎನ್ನುತ್ತಾರೆ ಕೊನೆಗೆ. “ಇವತ್ತ ಅಂಗಡ್ಯಾಗ ಏನ್ ಅದ, ನನಗ ಅದನ್ನ ಕಟ್ಟಿಡ್ರಿ. ಮಧ್ಯಾಹ್ನದ ಬಸ್ಸಿಗಿ ಬರ್ತೀನಿ.”