'ಬಂದೆ' ಎನ್ನುತ್ತಿದ್ದ ವಾಸಂತಿ ಟೀಚರ್

ವಾಸಂತಿ ಟೀಚರ್ ಒಳಗಿನಿಂದ "ಬಂದೆ!" ಎಂದರೆ, ಅವರಿನ್ನೂ ಕನ್ನಡಕ ಹುಡುಕುತ್ತಿದ್ದಾರೆ ಎಂದು ತಿಳಿಯಬೇಕು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮೈಸೂರಿನಿಂದ ಹೊಸದಾಗಿ ಬಂದ ನನಗೆ ಗೊತ್ತಿರಲಿಲ್ಲ. ಕೋಪರಿಯಲ್ಲಿ ಸತ್ಯನಾರಾಯಣ ಪೂಜೆಗೆ ಇಬ್ಬರೂ ಹೊರಟ ದಿನ, ಆ ಮಾತು ನಂಬಿ ರಿಕ್ಷಾ ನಿಲ್ಲಿಸಿಕೊಂಡು ಕೆಳಗೆ ಕಾದೆ. ಒಂದು ಲೋಕಲ್ ರೈಲು ಹೋಯಿತು, ಇನ್ನೊಂದೂ ಹೋಯಿತು. ನಾವು ತಲುಪಿದಾಗ ಪ್ರಸಾದ ಮಾತ್ರ ಉಳಿದಿತ್ತು.

"ಬಂದೆ ಅಂದ್ರಲ್ಲ ಟೀಚರ್!" ಎಂದು ರೇಗಿದೆ.

"ಅಯ್ಯೋ ಮಾರಾಯ್ತಿ, ಬಂದೆ ಅಂದ್ರೆ ಬಂದಾಯ್ತು ಅಂತ ಉಂಟಾ? ಮರಾಠಿಯವರು 'ಆಲೇ' ಅಂತಾರೆ, ಹಿಂದಿಯವರು 'ಅಭೀ ಆಯೀ' ಅಂತಾರೆ. ಎಲ್ಲ ಮುಗಿದ ಕೆಲಸದ ಮಾತೇ. ಕಾಲು ನೋಡಿದ್ರೆ ಇನ್ನೂ ಚಪ್ಪಲಿ ಹಾಕ್ಲಿಲ್ಲ! ಭಾಷೆ ಬೇರೆ, ಸುಳ್ಳು ಒಂದೇ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಆದ್ರೆ ಇದು ಪಾಪ ಇಲ್ಲದ ಸುಳ್ಳು. ಮನಸ್ಸು ಮೊದಲೇ ಬಂದಿರ್ತದೆ, ಮೈ ನಿಧಾನ ಬರ್ತದೆ."

ಟೀಚರ್ ಉಡುಪಿಯ ಕಡೆಯವರು. ಗಂಡ ತುರ್ಭೆಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಭಾನುವಾರ ಮಧ್ಯಾಹ್ನ ಇವರ ಮನೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ. ಹಸಿರು ಪರದೆಯಿಂದ ಸೋಸಿ ಬಂದ ಬೆಳಕು, ದೂರದಲ್ಲಿ ಲೋಕಲ್ಲಿನ ಸದ್ದು. ಕಥೆ ಹೇಳುತ್ತ ಹೇಳುತ್ತ ಅವರಿಗೇ ಜೊಂಪು ಹತ್ತುವುದು. ಕಥೆಯ ರಾಜ ಅರ್ಧ ಹೊಳೆ ದಾಟಿ ಅಲ್ಲೇ ನಿಲ್ಲುವನು. ಮಕ್ಕಳೂ ಒಬ್ಬೊಬ್ಬರಾಗಿ ಒರಗುವರು. ನಾನು ಮಗಳನ್ನು ಕರೆತರಲು ಹೋದಾಗ ಇಡೀ ಮನೆ ನಿದ್ದೆಯಲ್ಲಿ ತೇಲುತ್ತಿರುತ್ತಿತ್ತು.

ನನಗೋ ಒಳಗೊಳಗೇ ಭಯ. ಮಗಳು ಮೇಘಾಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿ. ಊಟಕ್ಕೆ ಕರೆದರೆ "ಆ ರಹೀ ಹೂಂ". ಫೋನಿನಲ್ಲಿ ಅಜ್ಜಿ ಸಿಕ್ಕರೆ ಬಾಯಿಗೆ ಬೀಗ. ಒಂದು ದಿನ ಟೀಚರ ಎದುರು ಅತ್ತೇಬಿಟ್ಟೆ. "ಇವಳ ಬಾಯಲ್ಲಿ ನಮ್ಮ ಮಾತು ಬರೋದೇ ಇಲ್ವೇನೋ!"

"ಬರ್ತದೆ. ನೀನು ಬಾಗಿಲಲ್ಲಿ ನಿಂತು ಕೂಗ್ಬೇಡ," ಎಂದು ನನ್ನ ಕೈಗೆ ಬೆಲ್ಲದ ಚೂರು ಇಟ್ಟರು. "ಅದು ಈಗ ಚಪ್ಪಲಿ ಹುಡುಕ್ತಾ ಉಂಟು."

ಅವರನ್ನು ಕೊನೆಯ ಸಲ ಕಂಡದ್ದು ಥಾಣೆ ನಗರದ ಒಂದು ಆಸ್ಪತ್ರೆಯಲ್ಲಿ. ಅಲ್ಲೂ ಅರೆನಿದ್ದೆ. "ಬೇಗ ಮನೆಗೆ ಬನ್ನಿ ಟೀಚರ್, ಮಕ್ಕಳು ಕಾಯ್ತಿದಾರೆ," ಎಂದೆ. ಕಣ್ಣು ಮುಚ್ಚಿಕೊಂಡೇ "ಬಂದೆ" ಎಂದರು.

ಬರಲಿಲ್ಲ. ಬೂದಿಯನ್ನು ಊರಿಗೆ ಒಯ್ದಾದ ಮೇಲೂ ಭಾನುವಾರಗಳಲ್ಲಿ ನನ್ನ ಕಿವಿ ಟೀಚರ್ ಇದ್ದ ಎದುರುಮನೆಯ ಬಾಗಿಲಿನ ಕಡೆಗೇ. ಅವರದು ಯಾವಾಗಲೂ ತಡವೇ ಅಲ್ಲವೇ ಎಂದು ಹುಚ್ಚು ಮನಸ್ಸು ಹೇಳುತ್ತಿತ್ತು.

ಅಂಥದೇ ಒಂದು ಮಧ್ಯಾಹ್ನ ಅನ್ನ ಬಡಿಸಿ ಮೇಘಾಳನ್ನು ಕರೆದೆ.

"ಬಂದೆ!"

ಅದೇ ರಾಗ, ಅದೇ ಎಳೆತ. ಸೌಟು ಹಿಡಿದ ಕೈ ಹಾಗೇ ನಿಂತಿತು. ಎಷ್ಟು ಹೊತ್ತಾದರೂ ಹುಡುಗಿಯ ಪತ್ತೆಯಿಲ್ಲ. ಅನ್ನ ಆರಿತು, ಸಾರೂ ಆರಿತು. ಇನ್ನೊಂದು ಸಲ ಕರೆಯಲು ನನಗೆ ಮನಸ್ಸಾಗಲಿಲ್ಲ.